ಕಾರ್ಖಾನೆಯ ಬುಧವಾರಗಳು

ನಮ್ಮ ಸಕ್ಕರೆ ಕಾರ್ಖಾನೆ ಕೃಷ್ಣಾ ನದಿಯ ಆಚೆ, ಕಾಗವಾಡದ ಸೀಮೆಯಲ್ಲಿದೆ. ನಾನು ಅಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತೇನೆ. ಚಿಕ್ಕೋಡಿಯಿಂದ ದಿನಾಲೂ ಬಸ್ಸಿಗೆ ಹೋಗಿ ಬರುವುದು ಈಗ ಇಪ್ಪತ್ತು ವರ್ಷ ಮೀರಿದ ರೂಢಿ. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡ ಬಸ್ಸಿನಲ್ಲಿ ಕೂತು ಎಷ್ಟು ಸ್ವೆಟರು ಹೆಣೆದಿದ್ದೇನೋ ನನಗೇ ನೆನಪಿಲ್ಲ. ಹಾಜರಿ, ರಜೆ, ಬಡ್ತಿ, ಯಾರ ಮನೆಯ ಮದುವೆಗೆ ಯಾರ ಪಾಳಿ ಯಾರು ಮಾಡಬೇಕು ಎಂಬ ತಕರಾರು, ಎಲ್ಲ ನನ್ನ ಮೇಜಿಗೇ ಬರುತ್ತವೆ.

ಐದಾರು ವರ್ಷದ ಹಿಂದೆ ನಮಗೊಂದು ವಿಚಿತ್ರ ತೊಂದರೆ ಇತ್ತು. ಕೆಮಿಸ್ಟ್ ಹುದ್ದೆಗೆ ಪದವಿ ಪಡೆದವರನ್ನು ತರುತ್ತಿದ್ದೆವು. ಅವರು ಎರಡು ಹಂಗಾಮು ಕೆಲಸ ಕಲಿತು, ಮೂರನೆಯದಕ್ಕೆ ದೊಡ್ಡ ಊರಿನ ದೊಡ್ಡ ಕಾರ್ಖಾನೆಗೆ ಹೋಗಿಬಿಡುತ್ತಿದ್ದರು. ಹೋಗದೆ ಉಳಿಯುವವರು ಈ ಸುತ್ತಿನ ಹಳ್ಳಿಗಳವರು. ಅವರಿಗೆ ಕೆಲಸ ಚೆನ್ನಾಗಿ ಬರುತ್ತಿತ್ತು, ಆದರೆ ಪದವಿ ಇರಲಿಲ್ಲ. ಪದವಿ ಇಲ್ಲದವರನ್ನು ಪಾಳಿಯ ಮುಖ್ಯಸ್ಥರನ್ನಾಗಿ ಮಾಡಲು ನಮ್ಮ ನಿಯಮದಲ್ಲಿ ದಾರಿ ಇರಲಿಲ್ಲ.

ಒಂದು ದಿನ ಮಾಲಕರು ನನ್ನನ್ನು ಕರೆಸಿದರು. ಅವರು ಕಬ್ಬು ಬೆಳೆಯುವ ಹಳೆಯ ಮನೆತನದವರು. ಮಾತು ಕಡಿಮೆ, ಎದುರಿಗೆ ಯಾರಿದ್ದರೂ ಚಹಾ ಮಾತ್ರ ತಪ್ಪಿಸುವುದಿಲ್ಲ.

"ವಿಶ್ವವಿದ್ಯಾಲಯದವರ ಕೂಡ ಮಾತಾಡಿ ಬಂದೇನ್ರಿ ಬಾಯಾರ," ಎಂದರು. "ನಮ್ಮ ಮಂದಿ ನೌಕರಿ ಮಾಡಕೋತನ ಸಕ್ಕರಿ ತಂತ್ರಜ್ಞಾನದ ಡಿಗ್ರಿ ಓದಬಹುದಂತ. ಅರ್ಧ ಪಾಠ ಅವರು ಮಾಡ್ತಾರ, ಉಳದ ಅರ್ಧಾ ಇಲ್ಲೇ, ಕೆಲಸದಾಗ. ಅದಕ್ಕ ಮಾರ್ಕ್ಸ್ ಸುದ್ಧಾ ಕೊಡ್ತಾರ. ಫೀ ಕಾರ್ಖಾನಿ ಕೊಡತೈತಿ. ನೀವು ಮಂದೀನ ಹುಡುಕ್ರಿ."

"ಎಷ್ಟ ಮಂದಿ ಬೇಕ್ರಿ?"

"ಎಷ್ಟ ಮಂದಿಗೆ ಮನಸ ಐತಿ ಅಷ್ಟ ಮಂದಿ."

ನಾನು ಅಂದೇ ನೋಟೀಸು ಬರೆದು ಹಾಜರಿ ಕಟ್ಟೆಯ ಹತ್ತಿರ, ಕ್ಯಾಂಟೀನಿನ ಬಾಗಿಲಿಗೆ, ಕಬ್ಬಿನ ತೂಕದ ಕಾಟಾದ ಹತ್ತಿರ ಅಂಟಿಸಿದೆ. "ಕಾರ್ಖಾನೆಯ ನೌಕರರಿಗೆ ಅಪ್ರೆಂಟಿಸ್ ಪದವಿ ಯೋಜನೆ" ಎಂದು ದೊಡ್ಡ ಅಕ್ಷರದಲ್ಲಿ. ಹತ್ತು ದಿನ ಕಳೆದವು. ಒಬ್ಬರೂ ಬರಲಿಲ್ಲ.

ಯಾಕೆ ಎಂದು ತಿಳಿಯಲು ಕ್ಯಾಂಟೀನಿಗೆ ಹೋಗಿ ಕೂತೆ. ನಮ್ಮಲ್ಲಿ ಅಪ್ರೆಂಟಿಸ್ ಎಂದರೆ ಐಟಿಐ ಮುಗಿಸಿ ಸಣ್ಣ ಭತ್ಯೆಗೆ ಬಂದು, ವರ್ಷ ತುಂಬಿದ ಮೇಲೆ ಮನೆಗೆ ಹೋಗುವವರು. ಕಾಯಂ ನೌಕರರನ್ನು ಅಪ್ರೆಂಟಿಸ್ ಮಾಡುತ್ತಾರೆಂದರೆ ಪಗಾರ ಕಡಿಮೆ ಮಾಡಿ, ಆಮೇಲೆ ತೆಗೆದುಹಾಕುವ ಹೊಸ ಉಪಾಯ ಎಂದು ಎಲ್ಲರೂ ನಂಬಿದ್ದರು. ಬಾಯ್ಲರಿನ ಒಬ್ಬ ಹಿರಿಯರು ನನ್ನೆದುರಿಗೇ ಹೇಳಿದರು, "ಮೀಸಿ ಬೆಳ್ಳಗಾದ ಮ್ಯಾಲ ಅಪ್ರೆಂಟಿಸ್ ಆಗೂದಂದ್ರ ನಮ್ಮ ಬೀಗರ ಮುಂದ ಹೆಂಗ ನಿಂದರೂದ್ರಿ?"

ನೋಟೀಸನ್ನು ಕಿತ್ತು ಹೊಸದಾಗಿ ಬರೆದೆ. ಈ ಸಲ ಅಪ್ರೆಂಟಿಸ್ ಎಂಬ ಶಬ್ದವನ್ನು ಕೊನೆಯ ಸಾಲಿಗೆ ತಳ್ಳಿದೆ. ಮೊದಲ ಸಾಲಿನಲ್ಲಿ ಪಗಾರ ಇದ್ದಷ್ಟೇ ಇರುತ್ತದೆ ಎಂದು ಬರೆದೆ. ಎರಡನೆಯದರಲ್ಲಿ ನೌಕರಿಯ ಕಾಯಂತನಕ್ಕೂ ಸೇವಾ ಹಿರಿತನಕ್ಕೂ ಧಕ್ಕೆ ಇಲ್ಲ ಎಂದು. ಕೆಳಗೆ ಮಾಲಕರ ಸಹಿ ಹಾಕಿಸಿದೆ. ಒಂದು ಪ್ರತಿ ಕನ್ನಡದಲ್ಲಿ, ಒಂದು ಮರಾಠಿಯಲ್ಲಿ. ಮರಾಠಿಯದನ್ನು ಬರೆಯಲು ನನ್ನ ತವರಿನ ನಿಪ್ಪಾಣಿಯ ಮರಾಠಿ ಸಾಕಾಯಿತು.

ಮೊದಲು ಬಂದವಳು ಪ್ರಯೋಗಾಲಯದ ಹೆಣ್ಣುಮಗಳು. ಹನ್ನೊಂದು ವರ್ಷದಿಂದ ಕಬ್ಬಿನ ರಸದ ಮಾದರಿ ತಂದು, ಸೋಸಿ, ಅದರ ಸಿಹಿಯ ಪ್ರಮಾಣ ಬರೆದಿಡುವ ಕೆಲಸ ಅವಳದು. ರಾಯಬಾಗದ ಕಡೆಯ ಹಳ್ಳಿಯ ಬೌದ್ಧ ಮನೆತನ. ತಂದೆ ತಾಯಿ ಬೇರೆಯವರ ಹೊಲದಲ್ಲಿ ಕಬ್ಬು ಕಡಿದು ಅವಳನ್ನು ಕಾಲೇಜಿಗೆ ಹಾಕಿದ್ದರು. ಬಿ.ಎಸ್ಸಿ. ಮೊದಲ ವರ್ಷ ಮುಗಿಯುತ್ತಲೇ ಮದುವೆಯಾಗಿ ಓದು ನಿಂತಿತ್ತು. ಅವಳು ನನ್ನೆದುರು ಕೂತು ನೋಟೀಸಿನ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು.

"ಓದೂ ದಿನಾ ಯಾವುದ್ರಿ?"

"ವಾರಕ್ಕ ಒಂದ ದಿನಾ. ಇನ್ನೂ ಠರಾವ ಆಗಿಲ್ಲ."

"ಅದು ಹಾಜರಿ ದಿನದಾಗ ಇರಬೇಕ್ರಿ ಬಾಯಾರ. ಸುಟ್ಟಿ ದಿನಾ ಓದ್ರಿ ಅಂದ್ರ ನಾ ಬಟ್ಟಿ ಒಗಿಯೂದ ಯಾವಾಗ, ಮಕ್ಕಳ ಮಾರಿ ನೋಡೂದ ಯಾವಾಗ? ಅದೊಂದ ಬರದ ಕೊಡ್ರಿ, ಈಗ ಸಹಿ ಮಾಡ್ತೇನಿ."

ಅವಳು ಕೇಳಿದ್ದು ಸರಿಯಾಗಿತ್ತು. ಆದರೆ ಅದನ್ನು ಬರೆದುಕೊಡುವುದು ನನ್ನ ಕೈಯಲ್ಲಿರಲಿಲ್ಲ. ಅವಳ ವಿಭಾಗದ ಮುಖ್ಯ ಕೆಮಿಸ್ಟರಿಗೆ ಈ ಯೋಜನೆಯೇ ಸರಿಬಂದಿರಲಿಲ್ಲ. ಹಂಗಾಮಿನಲ್ಲಿ ವಾರಕ್ಕೊಂದು ದಿನ ಆಳು ಬಿಟ್ಟರೆ ಕೆಲಸ ಮಾಡುವವರು ಯಾರು ಎಂಬುದು ಅವರ ಪ್ರಶ್ನೆ. ಜೊತೆಗೆ, ಓದಿದ ಮೇಲೆ ಇವರೂ ಬಿಟ್ಟು ಹೋದರೆ ಎಂದು ಮೂರು ವರ್ಷದ ಬಾಂಡು ಬರೆಸಿಕೊಳ್ಳಲು ಹೇಳಿದರು.

ಮಾಲಕರು ಎಲ್ಲರನ್ನೂ ಕೂರಿಸಿ ಮಾತಾಡಿಸಿದರು. ನಾನು ಲ್ಯಾಬಿನ ಹೆಣ್ಣುಮಗಳನ್ನೂ ಕರೆದುಕೊಂಡು ಹೋಗಿದ್ದೆ. ಬಾಂಡಿನ ಮಾತು ಬಂದಾಗ ಅವಳು ಮೆಲ್ಲಗೆ ಹೇಳಿದಳು, "ಕಟ್ಟಿ ಹಾಕಿದ್ರ ಓದಾಕ ಮನಸ ಬರೂದಿಲ್ರಿ ಸಾಹೇಬ್ರ. ಡಿಗ್ರಿ ಮುಗದ ಮ್ಯಾಲ ಒಂದ ವರ್ಷ ಇಲ್ಲೇ ಇರ್ತೇನಿ ಅಂತ ನಾನ ಮಾತ ಕೊಡ್ತೇನಿ."

ಮಾಲಕರು ಮುಖ್ಯ ಕೆಮಿಸ್ಟರ ಕಡೆ ನೋಡಿದರು. "ಒಂದ ವರ್ಷ ಸಾಕ್ರಿ. ಮತ್ತ ಬುಧವಾರ ಓದೂ ದಿನಾ. ಹಾಜರಿ ತುಂಬಬೇಕು. ಆ ದಿನಾ ಯಾರನ್ನೂ ಕೆಲಸಕ್ಕ ಎಳೀಬಾರ್ದು."

ಬುಧವಾರವೇ ಯಾಕೆಂದು ನಾನು ಕೇಳಲಿಲ್ಲ. ಆಮೇಲೆ ತಿಳಿಯಿತು, ವಾರದ ಆ ದಿನ ಅವರಿಗೆ ಬೇರೆ ಸಭೆ ಇರುತ್ತಿರಲಿಲ್ಲ. ತಾವೇ ಬಂದು ನೋಡಬೇಕೆಂದು ಆ ದಿನ ಆರಿಸಿದ್ದರು.

ಅದಾದ ಎರಡು ದಿನಕ್ಕೆ, ಕಚೇರಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ಪ್ಯಾನ್ ಮನೆಯ ಒಬ್ಬ ಹಿರಿಯ ಕೆಲಸಗಾರರು ಬಂದರು. ಶಿರಗುಪ್ಪಿಯವರು, ವಯಸ್ಸು ನಲವತ್ತಾರು. ಕಬ್ಬಿನ ಪಾಕವನ್ನು ದೊಡ್ಡ ಹಂಡೆಯಂಥ ಪ್ಯಾನಿನಲ್ಲಿ ಕುದಿಸಿ ಅದರಲ್ಲಿ ಸಕ್ಕರೆಯ ಕಾಳು ಬೆಳೆಸುವುದು ಅವರ ಕೆಲಸ. ನಾವು ಅವರನ್ನು ಪ್ಯಾನ್‌ಮನ್ ಎನ್ನುತ್ತೇವೆ. ಒಂದು ಹಿತ್ತಾಳೆಯ ಕೋಲಿನಿಂದ ಪಾಕವನ್ನು ಹೊರತೆಗೆದು, ಗಾಜಿನ ತುಂಡಿಗೆ ಸವರಿ, ಬೆಳಕಿಗೆ ಹಿಡಿದು ನೋಡಿ, ಇಷ್ಟು ಹೊತ್ತಿಗೆ ಕಾಳು ತಯಾರಾಗುತ್ತದೆ ಎಂದು ಹೇಳಬಲ್ಲವರು. ಬರುವ ಪ್ರತಿಯೊಬ್ಬ ಪದವೀಧರ ಕೆಮಿಸ್ಟನೂ ಮೊದಲ ಪಾಠ ಅವರ ಹತ್ತಿರವೇ ಕಲಿತು, ನಂತರ ಅವರ ಮೇಲಿನ ಕುರ್ಚಿಯಲ್ಲಿ ಕೂತಿದ್ದ.

ಅವರು ನಿಂತೇ ಕೇಳಿದರು. "ವಯಸ್ಸಿನ ಕಟ್ಟು ಏನಾರ ಐತ್ರ್ಯಾ?"

"ಇಲ್ರಿ. ಹನ್ನೆರಡನೆತ್ತ ಪಾಸಾಗಿದ್ರ ಸಾಕು."

"ಆಗೇನಿ. ಮಿರಜ ಕಡಿ ಸೋದರಮಾವನ ಮನ್ಯಾಗಿದ್ದು ಕಲ್ತಾಂವ ನಾ. ಎಲ್ಲಾ ಮರಾಠಿ." ಅವರು ಮೇಜಿನ ಮೇಲಿನ ಖಾಲಿ ಅರ್ಜಿಯೊಂದನ್ನು ಎತ್ತಿಕೊಂಡರು. "ಕನ್ನಡ ಮಾತಾಡ್ತೇನ್ರಿ, ಓದ್ತೇನಿ ಅಲ್ಪಸ್ವಲ್ಪ. ಬರಿಯಾಕ ಬರೂದಿಲ್ಲ. ಪರೀಕ್ಷಾ ಯಾವುದ್ರಾಗ?"

ಕನ್ನಡ ಅಥವಾ ಇಂಗ್ಲಿಷು ಎಂದು ಹೇಳಬೇಕಾಯಿತು. ಅವರು ತಲೆ ಆಡಿಸಿ, ಅರ್ಜಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು. ಇನ್ನು ಬರುವುದಿಲ್ಲ ಎಂದುಕೊಂಡೆ. ಮರುದಿನ ಅದೇ ಅರ್ಜಿ ಕನ್ನಡದಲ್ಲಿ ತುಂಬಿ ನನ್ನ ಮೇಜಿನ ಮೇಲಿತ್ತು. ಅಕ್ಷರ ಯಾರದೆಂದು ನೋಡಿದ ಕೂಡಲೇ ಗೊತ್ತಾಯಿತು. ಲ್ಯಾಬಿನ ದಾಖಲೆ ಪುಸ್ತಕಗಳಲ್ಲಿ ನಾನು ದಿನಾ ನೋಡುವ ಅದೇ ದುಂಡಗಿನ ಅಕ್ಷರ. ಕೆಳಗಿನ ಸಹಿ ಮಾತ್ರ ಮರಾಠಿಯಲ್ಲಿತ್ತು.

ಅವರಿಬ್ಬರೂ ಸೇರಿದರೆಂದು ತಿಳಿದ ಮೇಲೆ ಮತ್ತೆ ಐವರು ಬಂದರು. ಅವರಲ್ಲಿ ಒಬ್ಬರು ಹಾರೂಗೇರಿಯ ಇಲೆಕ್ಟ್ರಿಶಿಯನ್, ತುಂಬ ಚುರುಕಾದ ಮನುಷ್ಯ. ಒಟ್ಟು ಏಳು ಮಂದಿಯ ಹೆಸರನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿದೆವು.

ಅಲ್ಲಿಂದ ಬಂದ ವೇಳಾಪಟ್ಟಿ ನೋಡಿ ನನಗೆ ತಲೆ ತಿರುಗಿತು. ಮೊದಲ ಪರೀಕ್ಷೆ ಜನವರಿಯಲ್ಲಿ. ಜನವರಿ ಎಂದರೆ ನಮ್ಮಲ್ಲಿ ಕಾರ್ಖಾನೆಯ ಹೊರಗೆ ಕಬ್ಬಿನ ಗಾಡಿಗಳು ರಸ್ತೆಯುದ್ದಕ್ಕೂ ನಿಂತಿರುವ ಕಾಲ. ಆಗ ಏಳು ಜನರನ್ನು ಎರಡು ವಾರ ಬಿಡುವುದೆಂದರೆ ಮುಖ್ಯ ಕೆಮಿಸ್ಟರು ಹೇಳಿದ್ದೇ ನಿಜವಾಗುತ್ತಿತ್ತು. ಮಾಲಕರಿಗೆ ತೋರಿಸಿದೆ. ಅವರು ಮಾರನೇ ದಿನವೇ ಗಾಡಿ ತೆಗೆಸಿದರು. ನಾನೂ ಜೊತೆಗೆ ಹೋದೆ.

ವಿಶ್ವವಿದ್ಯಾಲಯದಲ್ಲಿ ಈ ಪದವಿಯನ್ನು ನೋಡಿಕೊಳ್ಳುತ್ತಿದ್ದವರು ಕನ್ನಡಕದ, ಸಾವಧಾನದ ಪ್ರಾಧ್ಯಾಪಕರು. ವೇಳಾಪಟ್ಟಿ ಎಲ್ಲ ಕಾಲೇಜುಗಳಿಗೂ ಒಂದೇ, ಬದಲಿಸಲು ಆಗುವುದಿಲ್ಲ ಎಂದು ಮೊದಲು ಹೇಳಿದರು.

"ಕಬ್ಬು ಕಾಯೂದಿಲ್ರಿ ಸರ್," ಎಂದರು ಮಾಲಕರು. "ಕಡದ ಮ್ಯಾಲ ದಿನಕ್ಕ ದಿನಾ ಒಣಗತೈತಿ. ನಿಮ್ಮ ಪರೀಕ್ಷಾ ಮೂರ ತಿಂಗಳ ಕಾದ್ರ ಏನಾಗತೈತಿ, ನೀವ ಹೇಳ್ರಿ."

ಪ್ರಾಧ್ಯಾಪಕರು ನಕ್ಕರು. "ನಾನು ಕಾರ್ಖಾನೆ ಒಳಗೆ ಬಂದು ನೋಡಿಲ್ಲ. ಒಮ್ಮೆ ಕರೆಯಿರಿ."

ಅವರು ಬಂದರು. ಪ್ಯಾನ್ ಮನೆಯ ಮೆಟ್ಟಿಲು ಹತ್ತುವಾಗ ಬೆವತು ಕನ್ನಡಕ ಎರಡು ಸಲ ಒರೆಸಿಕೊಂಡರು. ನಮ್ಮ ಪ್ಯಾನ್‌ಮನ್ ಅವರಿಗೆ ಗಾಜಿನ ತುಂಡನ್ನು ಬೆಳಕಿಗೆ ಹಿಡಿದು ತೋರಿಸಿದರು. ಪ್ರಾಧ್ಯಾಪಕರು ಸ್ವಲ್ಪ ಹೊತ್ತು ನೋಡಿ, "ನನಗೆ ಎಲ್ಲ ಕಾಳೂ ಒಂದೇ ಥರ ಕಾಣ್ತವೆ" ಎಂದರು.

"ಇಲ್ರಿ. ಇಲ್ಲಿ ನೋಡ್ರಿ, ನಡಕ ನಡಕ ಸಣ್ಣ ಧೂಳಿನಂಗ ಐತಲ್ಲ, ಅದು ಸುಳ್ಳ ಕಾಳು. ಈಗ ಒಂದೀಟ ಬಿಸಿನೀರ ಬಿಡಬೇಕು. ಬಿಡ್ಲಿಲ್ಲಂದ್ರ ಇಡೀ ಪ್ಯಾನ್ ಕೆಡತೈತಿ." ಹೇಳುತ್ತಲೇ ನೀರು ಬಿಟ್ಟರು. ತುಸು ಹೊತ್ತಿನ ಮೇಲೆ ಮತ್ತೆ ಗಾಜು ಹಿಡಿದರು. ಧೂಳು ಕರಗಿತ್ತು.

ಪ್ರಾಧ್ಯಾಪಕರು ಕೆಳಗಿಳಿದು ಬಂದು ಚಹಾ ಕುಡಿಯುತ್ತ, ಇಂಥದ್ದನ್ನೇ ಓದುವವರು ದಿನಾ ಒಂದು ವಹಿಯಲ್ಲಿ ಬರೆದಿಡಲಿ, ಅದಕ್ಕೂ ಅಂಕ ಕೊಡುತ್ತೇವೆ ಎಂದರು. ಪರೀಕ್ಷೆಯನ್ನು ಹಂಗಾಮು ಮುಗಿದ ಮೇಲೆ ಇಡಲು ತಮ್ಮ ಸಮಿತಿಯಲ್ಲಿ ಮಾತಾಡುವುದಾಗಿ ಹೇಳಿದರು. ತಿಂಗಳೊಳಗೆ ಪತ್ರ ಬಂತು. ಪರೀಕ್ಷೆ ಏಪ್ರಿಲ್ ಕೊನೆಗೆ. ಹಂಗಾಮಿನಲ್ಲಿ ಬುಧವಾರ ಒಂದೇ ದಿನ, ಅದೂ ಅವರೇ ಕಾರ್ಖಾನೆಗೆ ಬಂದು ಪಾಠ. ಬೇಸಿಗೆ, ಮಳೆಗಾಲದಲ್ಲಿ ವಾರಕ್ಕೆ ಎರಡು ದಿನ. ಮುಖ್ಯ ಕೆಮಿಸ್ಟರು ಆ ಪತ್ರವನ್ನು ಓದಿ, "ಹಿಂಗಾದ್ರ ಅಡ್ಡಿ ಇಲ್ಲ" ಎಂದು ಸಹಿ ಹಾಕಿದರು. ಮುಂದೆ ಕೆಲಸದ ಸ್ಥಳದ ಮಾರ್ಗದರ್ಶಕರೂ ಅವರೇ ಆದರು.

ಅತಿಥಿಗೃಹದ ಊಟದ ಕೋಣೆಯನ್ನು ತರಗತಿ ಮಾಡಿಕೊಂಡೆವು. ಬುಧವಾರ ನನಗೆ ಅಲ್ಲಿ ಕೆಲಸವಿರುತ್ತಿರಲಿಲ್ಲ. ಆದರೂ ಹಾಜರಿ ನೋಡುವ ನೆಪದಲ್ಲಿ ಹೋಗುತ್ತಿದ್ದೆ. ನನ್ನ ಬಿ.ಎ. ಅಂಚೆಯ ಮೂಲಕ ಓದಿದ್ದು, ಮದುವೆಯಾಗಿ ಮಗಳು ಹುಟ್ಟಿದ ಮೇಲೆ. ಯಾರ ಎದುರೂ ಕೂತು ಪಾಠ ಕೇಳಿರಲಿಲ್ಲ. ದೊಡ್ಡವರು ಬೆಂಚಿನ ಮೇಲೆ ಕೂತು, ಪೆನ್ನಿನ ತುದಿ ಕಚ್ಚುತ್ತ, ಪಕ್ಕದವರ ವಹಿಯಲ್ಲಿ ಇಣುಕುವುದನ್ನು ನೋಡುವುದೇ ನನಗೊಂದು ಸಂತೋಷ. ಮಾಲಕರೂ ಬಾಗಿಲಲ್ಲಿ ಬಂದು ನಿಂತು, ಹತ್ತು ನಿಮಿಷ ಕೇಳಿ, ಚಹಾ ಕಳಿಸಿ ಹೋಗುತ್ತಿದ್ದರು.

ಮಧ್ಯಾಹ್ನದ ಬುತ್ತಿಯ ಹೊತ್ತಿನಲ್ಲಿ ಇನ್ನೊಂದು ಶಾಲೆ ನಡೆಯುತ್ತಿತ್ತು. ಪ್ಯಾನ್‌ಮನ್ ಮತ್ತು ಲ್ಯಾಬಿನ ಹೆಣ್ಣುಮಗಳು ಅತಿಥಿಗೃಹದ ಹಿಂದಿನ ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಅವಳು ಕನ್ನಡದ ಒತ್ತಕ್ಷರ ತಿದ್ದಿಸುವಳು. ಅವರು ಅವಳಿಗೆ ಪ್ಯಾನಿನ ಕೆಲಸ ಹೇಳುವರು. ಲ್ಯಾಬಿನ ಹೆಂಗಸರು ಪ್ಯಾನ್ ಮನೆಗೆ ಹೋಗಿ ನಿಲ್ಲುವ ರೂಢಿ ನಮ್ಮಲ್ಲಿರಲಿಲ್ಲ. ಮೊದಲ ಸಲ ಅವಳು ಮೆಟ್ಟಿಲು ಹತ್ತಿ ಹೋಗಿ ಕೋಲು ಹಿಡಿದಾಗ ಎರಡು ಮೂರು ಜನ ಕೆಲಸ ಬಿಟ್ಟು ನೋಡಿದರಂತೆ. ಪ್ಯಾನ್‌ಮನ್ ಅವರ ಕಡೆ ತಿರುಗಿ, "ಏನ ನೋಡಾಕತ್ತೀರಿ? ನಾನೂ ಒಮ್ಮಿ ಕಲ್ತಾಂವನ" ಎಂದರಂತೆ. ಇದನ್ನು ನನಗೆ ಹೇಳಿದವಳು ಅವಳೇ.

ಒಂದು ಬುಧವಾರ ಪಾಠದಲ್ಲಿ ಪಾಕ ಎಷ್ಟು ಗಟ್ಟಿಯಾದರೆ ಹೊಸ ಕಾಳು ತಾನಾಗಿಯೇ ಹುಟ್ಟುತ್ತದೆ, ನೀರು ಬಿಟ್ಟರೆ ಯಾಕೆ ಕರಗುತ್ತದೆ ಎಂಬ ವಿಷಯ ಬಂತು. ಪ್ರಾಧ್ಯಾಪಕರು ಹಲಗೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದರು. ಪ್ಯಾನ್‌ಮನ್ ಎದ್ದು ಹಲಗೆಯ ಹತ್ತಿರ ಹೋಗಿ ಆ ಗೆರೆಯನ್ನೇ ನೋಡುತ್ತ ನಿಂತರು. "ಇಪ್ಪತ್ತ ವರ್ಷ ನೀರ ಬಿಟ್ಟೇನ್ರಿ," ಎಂದರು. "ಯಾಕ ಬಿಡ್ತೇನಿ ಅನ್ನೂದು ಇವತ್ತ ಗೊತ್ತಾತು." ಯಾರೂ ನಗಲಿಲ್ಲ. ಅವರು ವಾಪಸು ಬಂದು ಕೂತು, ಆ ಗೆರೆಯನ್ನು ವಹಿಯಲ್ಲಿ ಅಳತೆಪಟ್ಟಿ ಇಟ್ಟು ಎಳೆದುಕೊಂಡರು.

ಎಲ್ಲ ಸರಿಯಾಗಿಯೇ ನಡೆಯಿತೆಂದು ಹೇಳಿದರೆ ತಪ್ಪಾಗುತ್ತದೆ. ಹಾರೂಗೇರಿಯ ಇಲೆಕ್ಟ್ರಿಶಿಯನ್ ಮೊದಲ ಹಂಗಾಮಿನಲ್ಲೇ ಬಿಟ್ಟುಹೋದರು. ಅದಕ್ಕೆ ಕಾರಣ ನಾನು. ಬುಧವಾರಕ್ಕೆ ಹಾಜರಿ ಕೊಟ್ಟಿದ್ದೆವು, ಆದರೆ ಮಂಗಳವಾರದ ಪಾಳಿಯ ಬಗ್ಗೆ ನಾನು ಯೋಚಿಸಿರಲಿಲ್ಲ. ಅವರಿಗೆ ಎಷ್ಟೋ ವಾರ ಮಂಗಳವಾರ ರಾತ್ರಿಯ ಮೂರನೇ ಪಾಳಿ ಬರುತ್ತಿತ್ತು. ಬೆಳಿಗ್ಗೆ ಕೆಲಸ ಮುಗಿಸಿ ನೇರವಾಗಿ ತರಗತಿಗೆ ಬಂದು, ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದರು. ನಾವೆಲ್ಲ ನಕ್ಕು ಸುಮ್ಮನಾದೆವು. ಸಂಕ್ರಾಂತಿಯ ಹೊತ್ತಿಗೆ ಬರುವುದನ್ನೇ ಬಿಟ್ಟರು. ಆಗ ಪಾಳಿಯ ಪಟ್ಟಿ ತೆಗೆದು ನೋಡಿದೆ. ಪಟ್ಟಿ ಬರೆದವಳು ನಾನೇ.

ಹೋಗಿ ಕ್ಷಮೆ ಕೇಳಿದೆ. "ಬಿಡ್ರಿ ಬಾಯಾರ, ನಿಮ್ಮ ತಪ್ಪಲ್ಲ," ಎಂದರು. ಪಾಳಿ ಬದಲಿಸಿದ್ದೇನೆ, ಮತ್ತೆ ಬನ್ನಿ ಎಂದೆ. "ಮನಸ ಹೋತ್ರಿ ಈಗ" ಎಂದರು. ಮುಂದಿನ ವರ್ಷವೂ ಕೇಳಿದೆ. ಬರಲಿಲ್ಲ. ಇಂದಿಗೂ ಎದುರಾದಾಗ ನಕ್ಕು ಮಾತಾಡಿಸುತ್ತಾರೆ, ನನಗೆ ಮಾತ್ರ ಕಸಿವಿಸಿ. ಅಂದಿನಿಂದ ಓದುವವರ ಪಾಳಿಯ ಪಟ್ಟಿಯನ್ನು ಮೊದಲು ಬರೆದು, ಉಳಿದವರದನ್ನು ಆಮೇಲೆ ಬರೆಯುತ್ತೇನೆ.

ಏಪ್ರಿಲ್ ಕೊನೆಯಲ್ಲಿ ಮೊದಲ ಪರೀಕ್ಷೆಯಾಯಿತು. ಫಲಿತಾಂಶ ಬಂದಾಗ ಲ್ಯಾಬಿನ ಹೆಣ್ಣುಮಗಳು ಎಲ್ಲದರಲ್ಲೂ ಚೆನ್ನಾಗಿ ಪಾಸಾಗಿದ್ದಳು. ಪ್ಯಾನ್‌ಮನ್ ಗಣಿತದಲ್ಲಿ ಪಾಸಾಗಿ, ತಾವು ಜೀವಮಾನವಿಡೀ ಮಾಡಿದ ಸಕ್ಕರೆ ತಯಾರಿಕೆಯ ಪತ್ರಿಕೆಯಲ್ಲೇ ನಪಾಸಾಗಿದ್ದರು. ಮರುದಿನದಿಂದ ನಾಲ್ಕು ದಿನ ರಜೆ ಹಾಕಿದರು. ಹದಿನೈದು ವರ್ಷದಲ್ಲಿ ಅವರು ಹಾಗೆ ರಜೆ ಹಾಕಿದ್ದು ನನಗೆ ನೆನಪಿಲ್ಲ.

ಐದನೇ ದಿನವೂ ಕೆಲಸಕ್ಕೆ ಬರದಿದ್ದಾಗ ನಾನೂ ಲ್ಯಾಬಿನವಳೂ ಶಿರಗುಪ್ಪಿಗೆ ಅವರ ಮನೆಗೆ ಹೋದೆವು. ಅವರು ಅಂಗಳದಲ್ಲಿ ಎಮ್ಮೆಗೆ ಕಬ್ಬಿನ ಸೋಗೆ ಹಾಕುತ್ತಿದ್ದರು. ಹೆಂಡತಿ ನಮ್ಮನ್ನು ಒಳಗೆ ಕರೆದು, ಸಿಟ್ಟಿನ ದನಿಯಲ್ಲಿ ಹೇಳಿದರು, "ಕೊಕಟನೂರಿಗೆ ಹೋಗಿ ಎಲ್ಲಮ್ಮಗ ಬೇಡಿಕೊಂಡ ಬಂದೇನ್ರಿ ನಾ. ಇವರು ನೋಡಿದ್ರ ಪುಸ್ತಕ ಎಲ್ಲಾ ಕಟ್ಟಿ ಅಟ್ಟದ ಮ್ಯಾಲ ಇಟ್ಟಾರ."

ಲ್ಯಾಬಿನವಳು ಪ್ರಾಧ್ಯಾಪಕರಿಗೆ ಹೇಳಿ ಉತ್ತರಪತ್ರಿಕೆಯ ನಕಲು ತರಿಸಿಕೊಂಡು ಬಂದಿದ್ದಳು. ಅದನ್ನು ಚಾಪೆಯ ಮೇಲೆ ಹರಡಿದಳು. ನಾನೂ ನೋಡಿದೆ. ಅವರು ಬರೆದದ್ದರಲ್ಲಿ ತಪ್ಪು ಕಡಿಮೆ. ಆದರೆ "ಕಾಳು ಹಿಡೀತು", "ಪಾಕ ಬಿಗೀತು", "ಸುಳ್ಳ ಕಾಳು ಬಂತು" ಎಂದು ಪ್ಯಾನ್ ಮನೆಯ ಮಾತಿನಲ್ಲೇ ಬರೆದಿದ್ದರು. ಬೇರೆ ಊರಿನ ಯಾರೋ ಮೌಲ್ಯಮಾಪಕರು ಅದರ ಸುತ್ತ ಕೆಂಪು ಗೆರೆ ಎಳೆದಿದ್ದರು.

"ಕಾಕಾ, ಇಲ್ಲಿ ನೋಡ್ರಿ," ಎಂದಳು ಅವಳು. "ನಿಮಗ ಬರೂದಿಲ್ಲಂತ ಯಾರೂ ಅಂದಿಲ್ಲ. ಅವರಿಗೆ ತಿಳೀಲಿಲ್ಲ, ಅಷ್ಟ. ಪುಸ್ತಕದಾಗಿನ ಹೆಸರು ಇಪ್ಪತ್ತ ಮೂವತ್ತ ಇರಬಹುದು. ನಿಮ್ಮ ಹೆಸರಿನ ಮುಂದ ಅವರ ಹೆಸರು ಬರದ ಒಂದ ಯಾದಿ ಮಾಡೂಣು."

ಅವರು ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಆಮೇಲೆ ಹೆಂಡತಿಗೆ ಹೇಳಿದರು, "ಅಟ್ಟದ ಮ್ಯಾಲಿನ ಗಂಟ ಇಳಸ." ಆಕೆ ಏಣಿ ತಂದರು. ಅಂದು ಅಲ್ಲೇ ಊಟವಾಯಿತು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು. ಊಟ ಮಾಡುತ್ತಲೇ ಯಾದಿಯ ಮೊದಲ ಹತ್ತು ಶಬ್ದ ಮುಗಿದವು.

ಮಳೆಗಾಲದಲ್ಲಿ ಆ ಪತ್ರಿಕೆಯನ್ನು ಮತ್ತೆ ಬರೆದು ಪಾಸಾದರು. ಪ್ರಾಧ್ಯಾಪಕರಿಗೆ ಆ ಯಾದಿ ಹೇಗೋ ಗೊತ್ತಾಗಿ, ಒಂದು ಪ್ರತಿ ಕೇಳಿ ತರಿಸಿಕೊಂಡರು. ಈಗ ಅವರು ಕಾರ್ಖಾನೆಯ ವಿದ್ಯಾರ್ಥಿಗಳ ಪತ್ರಿಕೆ ನೋಡುವವರಿಗೆ ಅದನ್ನು ಜೊತೆಗೆ ಕಳಿಸುತ್ತಾರೆ.

ಮೂರು ವರ್ಷ ಹೀಗೆಯೇ ಕಳೆದವು. ಏಳರಲ್ಲಿ ಐವರು ಪದವಿ ಮುಗಿಸಿದರು. ಇನ್ನೊಬ್ಬರಿಗೆ ಎರಡು ಪತ್ರಿಕೆ ಬಾಕಿ ಇವೆ, ಬರೆಯುತ್ತಿದ್ದಾರೆ. ಪದವಿ ಪ್ರದಾನಕ್ಕೆ ಮಾಲಕರು ಕಾರ್ಖಾನೆಯ ಬಸ್ಸು ಕೊಟ್ಟರು. ಮನೆಯವರೆಲ್ಲ ತುಂಬಿಕೊಂಡು ಹೋದೆವು. ಲ್ಯಾಬಿನವಳ ತಾಯಿ ಕಪ್ಪು ಗೌನು ಹಾಕಿಕೊಂಡ ಮಗಳನ್ನು ನೋಡಿ, ಅದರ ತೋಳು ಹಿಡಿದು ಬಟ್ಟೆ ಎಂಥದೆಂದು ಬೆರಳಿನಿಂದ ತಿಕ್ಕಿ ನೋಡಿದರು. "ಇದು ನಿನಗ ಇಟ್ಟಗೋಳಾಕ ಕೊಡ್ತಾರನ?" ಎಂದು ಕೇಳಿದರು. ವಾಪಸು ಕೊಡಬೇಕೆಂದು ತಿಳಿದು ಸ್ವಲ್ಪ ಬೇಸರಪಟ್ಟರು. ಫೋಟೋ ಮಾತ್ರ ಮೂರು ತೆಗೆಸಿದರು.

ಆ ಹಂಗಾಮಿನಿಂದ ಪ್ಯಾನ್‌ಮನ್ ಪಾಳಿಯ ಮುಖ್ಯಸ್ಥರು. ಅವರಿಗೆ ಗಾಜಿನ ಕೋಣೆ, ಕುರ್ಚಿ ಎಲ್ಲ ಕೊಟ್ಟಿದ್ದೇವೆ. ನಾನು ಯಾವಾಗ ಹೋದರೂ ಕುರ್ಚಿ ಖಾಲಿ ಇರುತ್ತದೆ, ಅವರು ಪ್ಯಾನಿನ ಹತ್ತಿರವೇ ನಿಂತಿರುತ್ತಾರೆ. ಲ್ಯಾಬಿನವಳು ಮಾತು ಕೊಟ್ಟಂತೆ ಒಂದು ವರ್ಷ ಇದ್ದಳು. ನಂತರ ಅವಳ ಗಂಡನಿಗೆ ಅಥಣಿಗೆ ವರ್ಗವಾಯಿತು. ಆ ಕಡೆಯ ಒಂದು ಕಾರ್ಖಾನೆಯವರು ಅವಳನ್ನು ಕೆಮಿಸ್ಟ್ ಎಂದು ತೆಗೆದುಕೊಂಡರು. ರಾಜೀನಾಮೆ ಪತ್ರವನ್ನು ನಾನು ಅಳುಕುತ್ತಲೇ ಮಾಲಕರ ಮುಂದಿಟ್ಟೆ. ಅವರು ಎರಡು ಸಲ ಓದಿದರು.

"ಅಲ್ಲಿ ಪಗಾರ ಚಲೋ ಕೊಡ್ತಾರಂತನ?"

"ಹೌದ್ರಿ."

"ಇರ್ಲಿ. ನಮ್ಮಲ್ಲಿಂದ ಹೋಗ್ಯಾಳ ಅಂತಾರಲ್ಲ." ಬೀಳ್ಕೊಡುಗೆಗೆ ಅವರೂ ಬಂದು ಪೇಢೆ ತಿಂದು ಹೋದರು. ಮುಖ್ಯ ಕೆಮಿಸ್ಟರಿಗೆ ಮಾತ್ರ ತುಂಬ ದಿನ ಬೇಸರವಿತ್ತು. ಮೊದಲು ಬೇಡ ಎಂದವರೂ ಅವರೇ, ಅವಳಂಥವಳು ಮತ್ತೆ ಸಿಗುವುದಿಲ್ಲ ಎಂದು ಕೊರಗಿದವರೂ ಅವರೇ. ಈಗ ಎರಡನೇ ತಂಡದಲ್ಲಿ ಹನ್ನೊಂದು ಮಂದಿ ಇದ್ದಾರೆ. ಅವರಲ್ಲಿ ನಾಲ್ವರು ಹೆಂಗಸರು.

ಇತ್ತೀಚೆಗೆ ಬೇರೆ ಕಡೆಯಿಂದಲೂ ನನಗೆ ಫೋನುಗಳು ಬರುತ್ತವೆ. ಹೋದ ತಿಂಗಳು ಅಥಣಿ ಕಡೆಯ ಒಬ್ಬ ದ್ರಾಕ್ಷಿ ತೋಟದವರು ಮಾತಾಡಿದರು. ಅವರದು ಒಣದ್ರಾಕ್ಷಿ ಆರಿಸಿ ಪ್ಯಾಕ್ ಮಾಡುವ ಸಣ್ಣ ಘಟಕ, ಕೆಲಸಕ್ಕಿರುವವರು ಹದಿನಾಲ್ಕು ಹೆಂಗಸರು. ಇಷ್ಟು ಸಣ್ಣವರಿಗೂ ವಿಶ್ವವಿದ್ಯಾಲಯದವರು ಬರುತ್ತಾರೆಯೇ ಎಂದು ಕೇಳಿದರು. ಒಬ್ಬರಿಗೆ ಬರಲಿಕ್ಕಿಲ್ಲ, ಅಕ್ಕಪಕ್ಕದ ನಾಲ್ಕು ಘಟಕದವರು ಕೂಡಿ ಕೇಳಿರಿ ಎಂದೆ. ಮೊದಲು ಓದುವ ದಿನ ಯಾವುದೆಂದು ಠರಾವು ಮಾಡಿ ಬರೆದುಕೊಡಿ, ದ್ರಾಕ್ಷಿ ಬರುವ ತಿಂಗಳು ಬಿಟ್ಟು ಪರೀಕ್ಷೆ ಇಡಿಸಿಕೊಳ್ಳಿ ಎಂದೂ ಹೇಳಿದೆ. ಅವರು ನೀವೇ ಒಮ್ಮೆ ಬಂದು ಹೇಳಿರಿ ಎಂದರು.

ಒಂದು ಭಾನುವಾರ ಹೋದೆ. ಹೆಂಗಸರು ಉದ್ದನೆಯ ಮೇಜಿನ ಎರಡೂ ಬದಿಗೆ ಕೂತು, ತಲೆಗೆ ಬಿಳಿ ಟೊಪ್ಪಿಗೆ ಹಾಕಿಕೊಂಡು, ಕೈ ನಿಲ್ಲಿಸದೆ ನನ್ನ ಮಾತು ಕೇಳಿದರು. ನಾನು ಚೀಲ ತೆಗೆದುಕೊಂಡು ಏಳುವ ಹೊತ್ತಿಗೆ ಮೇಜಿನ ತುದಿಯಲ್ಲಿದ್ದ ಒಬ್ಬಾಕೆ, ತಲೆ ಎತ್ತದೆ, ದ್ರಾಕ್ಷಿಯ ತೊಟ್ಟು ಬಿಡಿಸುತ್ತಲೇ ಕೇಳಿದಳು.

"ಬಾಯಾರ, ನಾ ಹನ್ನೆರಡನೆತ್ತ ಪಾಸಾಗಿ ಹದಿನೆಂಟ ವರ್ಷ ಆತ್ರಿ. ಸರ್ಟಿಫಿಕೇಟು ಎಲ್ಲಿ ಐತೋ ಗೊತ್ತಿಲ್ಲ. ಕಾಲೇಜಿಗೆ ಹೋಗಿ ಕೇಳಿದ್ರ ಕೊಡ್ತಾರನ್ರಿ?"

ಕೊಡುತ್ತಾರೆ ಎಂದೆ. ಯಾವ ಕಾಲೇಜು ಎಂದು ಕೇಳಿ ಬರೆದುಕೊಂಡೆ.